ಮಧ್ಯಾಹ್ನದ ಮೀಟಿಂಗ್‌ನಲ್ಲಿ ಲ್ಯಾಪ್‌ಟಾಪ್ ಕಾವಲಿ ಆಗುತ್ತಿದೆ, ಹೊಸದು ತಗೊಳ್ಳಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡ್ತೀನಿ. ಮನೆ ಬನಶಂಕರಿಯಲ್ಲಿ, ಮೂರನೇ ಮಹಡಿ, ನಮ್ಮ ಮೇಲೆ ತಾರಸಿ. ಊಟದ ಟೇಬಲ್ಲೇ ನನ್ನ ಆಫೀಸು. ಲ್ಯಾಪ್‌ಟಾಪ್ ತಗೊಂಡು ನಾಲ್ಕು ವರ್ಷ ಆಯ್ತು, ವಿಂಡೋಸ್ 11, ಐ5 ಪ್ರೊಸೆಸರ್. ಬೆಳಿಗ್ಗೆ ಹೊತ್ತು ಪರವಾಗಿಲ್ಲ. ಎರಡು ತಿಂಗಳಿಂದ ಮಧ್ಯಾಹ್ನ ವಿಡಿಯೊ ಮೀಟಿಂಗ್ ಶುರುವಾದ ಹತ್ತು ನಿಮಿಷಕ್ಕೇ ಕೀಬೋರ್ಡ್ ಮೇಲೆ ಕೈ ಇಡಕ್ಕಾಗಲ್ಲ, ಫ್ಯಾನ್ ಮಿಕ್ಸಿ ಥರ ಕಿರುಚುತ್ತೆ, ಎಕ್ಸೆಲ್ ಕದಲೋದೇ ಇಲ್ಲ. ಎರಡು ಸಲ ತಾನಾಗೇ ಆಫ್ ಆಯ್ತು. ಹತ್ತಿರದ ರಿಪೇರಿ ಅಂಗಡಿಯವರು ಬಿಚ್ಚಿಯೂ ನೋಡದೆ ‘ಮದರ್‌ಬೋರ್ಡ್ ಹೋಗ್ತಿದೆ, ಹೊಸದು ತಗೊಳ್ಳಿ’ ಅಂದ್ರು. ನಮ್ಮ ಯಜಮಾನ್ರು ಕೂಲಿಂಗ್ ಪ್ಯಾಡ್ ಸಾಕು ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ ಮೇಡಂ. ಅಡುಗೆಮನೆಯಲ್ಲಿ ಸೆಕೆ ಅಂತ ಯಾರೂ ಒಲೆ ಬದಲಾಯಿಸುವುದಿಲ್ಲ ಅಲ್ವಾ, ಮೊದಲು ಕಿಟಕಿ ತೆಗೆದಿದೆಯಾ ಅಂತ ನೋಡುತ್ತೇವೆ.

ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನ ಆಗಲ್ಲ ಅಂದಿರಿ. ಮದರ್‌ಬೋರ್ಡ್ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ. ಫ್ಯಾನ್ ಕಿರುಚುತ್ತಿದೆ ಅಂದಿರಿ, ಅಂದರೆ ಫ್ಯಾನ್ ಬದುಕಿದೆ, ಬಿಸಿ ಗೊತ್ತಾಗಿ ಜೋರಾಗಿ ತಿರುಗುತ್ತಿದೆ. ಎಕ್ಸೆಲ್ ಕದಲಲ್ಲ ಅಂದಿರಿ, ಅದು ಪ್ರೊಸೆಸರ್ ಬೇಕಂತಲೇ ವೇಗ ಇಳಿಸಿಕೊಂಡಿರುವ ಲಕ್ಷಣ. ತಾನಾಗೇ ಆಫ್ ಆಗಿದ್ದು ಸುಟ್ಟುಹೋಗದೆ ಇರಲಿ ಅಂತ ಮಾಡಿಕೊಂಡ ಕೊನೆಯ ಉಪಾಯ. ಇಷ್ಟೆಲ್ಲಾ ಸರಿಯಾದ ಹೊತ್ತಿಗೆ ಮಾಡುತ್ತಿರುವ ಬೋರ್ಡನ್ನು ಬಿಚ್ಚದೇನೇ ಹೋಯ್ತು ಅನ್ನುವುದು ಸ್ವಲ್ಪ ಅವಸರ.

ಲ್ಯಾಪ್‌ಟಾಪ್ ಕಾಯುವುದಕ್ಕೆ ಕಾರಣ ಎರಡೇ. ಒಂದೋ ಒಳಗೆ ಬೇಕಾದ್ದಕ್ಕಿಂತ ಜಾಸ್ತಿ ಶಾಖ ಹುಟ್ಟುತ್ತಿದೆ, ಇಲ್ಲಾ ಹುಟ್ಟಿದ ಶಾಖಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಎರಡಕ್ಕೂ ಮದ್ದು ಬೇರೆ. ಯಾವುದು ಅಂತ ತಿಳಿಯದೆ ದುಡ್ಡು ಬಿಚ್ಚಬೇಡಿ.

ತಿಳಿಯುವುದಕ್ಕೆ ಯಂತ್ರ ಬೇಕಿಲ್ಲ, ಅಂಗೈ ಸಾಕು. ನಾಳೆ ಮಧ್ಯಾಹ್ನ ಫ್ಯಾನ್ ಕಿರುಚಲು ಶುರುವಾದಾಗ ಬಿಸಿಗಾಳಿ ಹೊರಬರುವ ಕಿಂಡಿಗೆ ಕೈ ಹಿಡಿಯಿರಿ. ಸಾಮಾನ್ಯವಾಗಿ ಅದು ಪಕ್ಕದಲ್ಲೋ, ಸ್ಕ್ರೀನಿನ ಕೀಲು ಇರುವ ಹಿಂಬದಿಯಲ್ಲೋ ಇರುತ್ತದೆ. ಸದ್ದು ಅಷ್ಟಿದ್ದೂ ಗಾಳಿ ಉಸಿರಿನಷ್ಟು ಮಾತ್ರ ಬರುತ್ತಿದ್ದರೆ ಒಳಗೆ ಧೂಳು ಕಟ್ಟಿಕೊಂಡಿದೆ. ಗಾಳಿ ಜೋರಾಗಿದೆ, ಆದರೆ ಕೀಬೋರ್ಡ್ ಸುಡುವಾಗಲೂ ಗಾಳಿ ಮಾತ್ರ ಉಗುರುಬೆಚ್ಚಗಿದೆ ಅಂದರೆ ಪ್ರೊಸೆಸರ್‌ನ ಶಾಖ ಫ್ಯಾನ್ ತನಕ ಬಂದೇ ಇಲ್ಲ, ಶಾಖ ದಾಟಿಸಲು ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಇನ್ನು ಗಾಳಿ ಜೋರಾಗಿಯೂ ಇದೆ, ಹೇರ್ ಡ್ರೈಯರ್ ಥರ ಸುಡುತ್ತಲೂ ಇದೆ ಅಂದರೆ ದಾರಿ ಚೆನ್ನಾಗಿಯೇ ಇದೆ, ಒಳಗೆ ಬೆಂಕಿಯೇ ಜಾಸ್ತಿ. ಆಗ ಸಾಫ್ಟ್‌ವೇರ್ ಕಡೆ ನೋಡಬೇಕು. ನಾನು ಯಾರ ಲ್ಯಾಪ್‌ಟಾಪ್ ನೋಡಿದರೂ ಮೊದಲು ಮಾಡುವುದು ಈ ಕೆಲಸವನ್ನೇ. ಸ್ಕ್ರೂಡ್ರೈವರ್ ಆಮೇಲೆ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಅಂಗಡಿಯವರ ಜೊತೆ ಮಾತಾಡುವಾಗ ಅನುಕೂಲಕ್ಕೆ ಬರುತ್ತದೆ. ಪ್ರೊಸೆಸರ್‌ನಲ್ಲಿ ನಿಜವಾಗಿ ಕಾಯುವ ಜಾಗ ಉಗುರಿನಷ್ಟು ದೊಡ್ಡದು. ಅದರ ಮೇಲೆ ತೆಳ್ಳಗೆ ಪೇಸ್ಟು, ಪೇಸ್ಟಿನ ಮೇಲೆ ತಾಮ್ರದ ಬಿಲ್ಲೆ, ಬಿಲ್ಲೆಯಿಂದ ಚಪ್ಪಟೆ ತಾಮ್ರದ ಕೊಳವೆ. ಕೊಳವೆ ಗಟ್ಟಿ ತಾಮ್ರ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಒಳಗಿನ ಗಾಳಿ ತೆಗೆದು ಒಂದಿಷ್ಟೇ ನೀರು ಹಾಕಿ ಮುಚ್ಚಿರುತ್ತಾರೆ. ಗಾಳಿ ಇಲ್ಲದ್ದರಿಂದ ಆ ನೀರು 100 ಡಿಗ್ರಿಗೆ ಕಾಯುವ ಮೊದಲೇ ಆವಿಯಾಗುತ್ತದೆ. ಇಡ್ಲಿ ಪಾತ್ರೆಯಲ್ಲಿ ಆವಿ ಮೇಲೆ ಹೋಗಿ ಮುಚ್ಚಳಕ್ಕೆ ತಗುಲಿ ಹನಿಯಾಗಿ ವಾಪಸ್ ಬೀಳುತ್ತದಲ್ಲ, ಅದೇ ಆಟ ಇಲ್ಲಿ ಮಲಗಿಕೊಂಡು ನಡೆಯುತ್ತದೆ. ಆವಿ ಕೊಳವೆಯ ಇನ್ನೊಂದು ತುದಿಗೆ ಓಡುತ್ತದೆ, ಅಲ್ಲಿ ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ಜೋಡಿಸಿದ ಲೋಹದ ರೆಕ್ಕೆಗಳಿಗೆ ಶಾಖ ಕೊಟ್ಟು ನೀರಾಗಿ ಹಿಂದಕ್ಕೆ ಬರುತ್ತದೆ. ಫ್ಯಾನ್ ಆ ರೆಕ್ಕೆಗಳ ನಡುವೆ ಗಾಳಿ ಊದುತ್ತದೆ. ಅಷ್ಟೇ.

ಕೆಡುವುದೂ ಆ ರೆಕ್ಕೆಗಳ ಹತ್ತಿರವೇ. ಫ್ಯಾನಿಗೂ ರೆಕ್ಕೆಗಳಿಗೂ ನಡುವಿನ ಸಂದಿನಲ್ಲಿ ಧೂಳು ಕಂಬಳಿ ಥರ ಹಾಸಿಕೊಳ್ಳುತ್ತದೆ. ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ರೆಕ್ಕೆಗಳು ಫಳಫಳ ಅನ್ನುತ್ತವೆ, ಏನೂ ಕಾಣುವುದಿಲ್ಲ, ಯಾಕೆಂದರೆ ಕಂಬಳಿ ಇರುವುದು ಆ ಕಡೆ. ನಿಮ್ಮ ಆಫೀಸು ಊಟದ ಟೇಬಲ್ ಬೇರೆ. ಒಗ್ಗರಣೆಯ ಎಣ್ಣೆ ಹೊಗೆ, ಸಂಜೆಯ ಊದುಬತ್ತಿ, ಸಾಂಬ್ರಾಣಿ, ಅದರ ಮೇಲೆ ನಮ್ಮ ಊರಿನಲ್ಲಿ ಒಂದು ಕಡೆ ರಸ್ತೆ ಅಗೆತ, ಇನ್ನೊಂದು ಕಡೆ ಮೆಟ್ರೊ, ಪಕ್ಕದ ಸೈಟಿನಲ್ಲಿ ಗ್ರಾನೈಟ್ ಕತ್ತರಿಸುವುದು. ಒಣ ಧೂಳಾದರೆ ಊದಿದರೆ ಹಾರುತ್ತದೆ. ಜಿಡ್ಡು ಸೇರಿದ ಧೂಳು ಚಿಮಣಿಯ ಜಾಲರಿಯಲ್ಲಿ ಕೂತ ಹಾಗೆ ಕೂರುತ್ತದೆ. ನಾಲ್ಕು ವರ್ಷ ಒಮ್ಮೆಯೂ ಬಿಚ್ಚಿಲ್ಲ ಅಂದರೆ ನನ್ನ ಊಹೆ ಮೊದಲು ಹೋಗುವುದು ಅಲ್ಲಿಗೇ.

ಹಾಗಾದರೆ ಎರಡು ತಿಂಗಳಿಂದ ಮಾತ್ರ ಯಾಕೆ ಅಂತ ನೀವು ಕೇಳಬಹುದು. ಧೂಳು ಡಿಸೆಂಬರ್‌ನಲ್ಲೂ ಇತ್ತು ಮೇಡಂ, ಬೇಸಿಗೆ ಇರಲಿಲ್ಲ. ಲ್ಯಾಪ್‌ಟಾಪಿಗೆ ಏಸಿ ಇರುವುದಿಲ್ಲ, ಕೋಣೆಯ ಗಾಳಿಯನ್ನೇ ಎಳೆದು ತಣ್ಣಗಾಗಬೇಕು. ಕೋಣೆ 10 ಡಿಗ್ರಿ ಏರಿದರೆ ಅದೇ ಕೆಲಸಕ್ಕೆ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ 10 ಡಿಗ್ರಿ ಏರುತ್ತದೆ. ಚಳಿಗಾಲದಲ್ಲಿ 82ಕ್ಕೆ ನಿಲ್ಲುತ್ತಿದ್ದದ್ದು ಈಗ 92 ಮುಟ್ಟುತ್ತದೆ. ಹಿಂದೆ ಬೆಂಗಳೂರು ಅಂದರೆ ಫ್ಯಾನ್ ಬೇಡದ ಊರು ಅನ್ನುತ್ತಿದ್ದರು. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ನೋಡಿತು. ತಾರಸಿ ಕೆಳಗಿನ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಪಲ್ ಕಂಪನಿ ತನ್ನ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿಯೊಳಗಿನ ಜಾಗದಲ್ಲಿ ಬಳಸಿ ಅಂತಲೇ ಹೇಳುತ್ತದೆ. ಉಳಿದವರದ್ದೂ ಇದಕ್ಕಿಂತ ತುಂಬಾ ಬೇರೆ ಅಲ್ಲ. ಇನ್ನೊಂದು ತಮಾಷೆ ಏನೆಂದರೆ ನಾವು ಸಮುದ್ರಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿದ್ದೇವೆ, ಇಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಅದೇ ಫ್ಯಾನ್ ಅಷ್ಟೇ ತಿರುಗಿದರೂ ಒಯ್ಯುವ ಶಾಖ ಕೊಂಚ ಕಮ್ಮಿ. ಇದರಿಂದ ಯಾರ ಲ್ಯಾಪ್‌ಟಾಪೂ ಕೆಡುವುದಿಲ್ಲ, ಸುಮ್ನೆ ಹೇಳಿದೆ.

ಅಂಗೈ ಪರೀಕ್ಷೆ ಆದಮೇಲೆ ಪ್ರೊಸೆಸರ್ ಎಷ್ಟು ಡಿಗ್ರಿ ಕಾದಿದೆ ಅಂತ ನೋಡಿ. ಅದನ್ನು ತೋರಿಸುವ ಸಾಫ್ಟ್‌ವೇರ್ ಎಚ್‌ಡಬ್ಲ್ಯು ಇನ್ಫೋ ಅಥವಾ ಕೋರ್ ಟೆಂಪ್, ಸ್ವಂತ ಬಳಕೆಗೆ ಎರಡೂ ಉಚಿತ, ಅವರವರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಏನೂ ಕೆಲಸ ಇಲ್ಲದಾಗ 40ರಿಂದ 55 ಡಿಗ್ರಿ ಸಹಜ. ಕೆಲಸದಲ್ಲಿ 70–85 ಕೂಡ ಸಹಜ, ನಡುವೆ ಒಂದೆರಡು ಸೆಕೆಂಡ್ 90 ದಾಟಿದರೆ ಗಾಬರಿ ಬೇಡ. ಬಹುತೇಕ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಗಡಿ. ಅಲ್ಲಿಗೆ ತಲುಪಿದರೆ ವೇಗ ತಾನೇ ಇಳಿಸಿಕೊಳ್ಳುತ್ತದೆ, ಇಳಿಸಿದರೂ ಏರುತ್ತಲೇ ಹೋದರೆ ಆಫ್ ಆಗುತ್ತದೆ. ಮೀಟಿಂಗ್ ಪೂರ್ತಿ 95ರ ಮೇಲೇ ಕೂತಿದ್ದರೆ, ಅಥವಾ ಎಲ್ಲಾ ಮುಚ್ಚಿ ಅರ್ಧ ಗಂಟೆ ಸುಮ್ಮನೆ ಬಿಟ್ಟರೂ 70ಕ್ಕಿಂತ ಇಳಿಯದೆ ಇದ್ದರೆ, ಆಗ ಬಿಚ್ಚಿಸಬೇಕು.

ಬಿಚ್ಚಿಸುವ ಮೊದಲು ಬೆಂಕಿ ಸ್ವಲ್ಪ ತಗ್ಗಿಸೋಣ, ಇದಕ್ಕೆ ಕಾಸು ಖರ್ಚಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಿಪಿಯು (ಅಂದರೆ ಪ್ರೊಸೆಸರ್) ಅನ್ನುವ ತಲೆಬರಹ ಒತ್ತಿ, ಜಾಸ್ತಿ ತಿನ್ನುತ್ತಿರುವವರು ಮೇಲೆ ಬರುತ್ತಾರೆ. ಅಲ್ಲಿ ಏನೇನು ಸಿಗುತ್ತದೆ ಗೊತ್ತಾ, ಎಂದೋ ಕೊಟ್ಟುಬಿಟ್ಟ ಪ್ರಿಂಟರಿನ ಸಾಫ್ಟ್‌ವೇರ್, ಒಂದರ ಮೇಲೊಂದು ಹಾಕಿದ ಎರಡು ಆ್ಯಂಟಿವೈರಸ್, ಯಾವ ಕಾಲದಲ್ಲೋ ತೆರೆದಿಟ್ಟ ಮೂವತ್ತು ಬ್ರೌಸರ್ ಟ್ಯಾಬ್. ಬೇಡದ್ದನ್ನು ತೆಗೆದುಹಾಕಿ. ಸ್ಟಾರ್ಟಪ್ ಅನ್ನುವ ಪುಟದಲ್ಲಿ ಆನ್ ಮಾಡಿದ ತಕ್ಷಣ ಓಡಿಬರುವವರ ಪಟ್ಟಿ ಇರುತ್ತದೆ, ಗೊತ್ತಿರುವ ಅನಗತ್ಯದವನ್ನು ಡಿಸೇಬಲ್ ಮಾಡಿ, ಗೊತ್ತಿಲ್ಲದ್ದನ್ನು ಮುಟ್ಟಬೇಡಿ. ಮತ್ತೆ ಮೀಟಿಂಗ್‌ನಲ್ಲಿ ಹಿಂದಿನ ಗೋಡೆ ಕಾಣಬಾರದು ಅಂತ ಮಸುಕು ಮಾಡುತ್ತೀರಾ? ಪ್ರತಿ ಸೆಕೆಂಡಿಗೆ ಹತ್ತಾರು ಸಲ ನಿಮ್ಮ ತಲೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ಲೆಕ್ಕ ಹಾಕಬೇಕು ಅದು. ಅದರ ಬದಲು ಕುರ್ಚಿಯನ್ನು ಖಾಲಿ ಗೋಡೆಗೆ ಬೆನ್ನು ಮಾಡಿ ಇಟ್ಟುಕೊಳ್ಳಿ.

ಇನ್ನೊಂದು ಉಪಾಯ ಇದೆ, ಇದು ನನಗೆ ಬಹಳ ಇಷ್ಟ. ಆಫೀಸ್ ಕೆಲಸದ ತೆಳು ಲ್ಯಾಪ್‌ಟಾಪಿನ ಪ್ರೊಸೆಸರ್ ಸಾಮಾನ್ಯವಾಗಿ 15 ವ್ಯಾಟ್‌ನದ್ದು ಅಂತ ಬರೆದಿರುತ್ತಾರೆ, ಆದರೆ ಅವಸರದ ಕೆಲಸ ಬಂದಾಗ ಟರ್ಬೊ ಅಂತ ಸ್ವಲ್ಪ ಹೊತ್ತು ವೇಗ ಏರಿಸಿಕೊಂಡು ಅದರ ಎಷ್ಟೋ ಪಟ್ಟು ಕರೆಂಟ್ ಕುಡಿಯುತ್ತದೆ. ಇಂಟೆಲ್‌ನ ಐ5–1235ಯು ತಗೊಳ್ಳಿ, ಮೂಲ 15 ವ್ಯಾಟ್, ಟರ್ಬೊದಲ್ಲಿ 55ರ ತನಕ. ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕು, ಹಾಗಾಗಿ ವೇಗ ಏರುವುದಕ್ಕಿಂತ ಶಾಖ ಏರುವುದೇ ಜಾಸ್ತಿ. ಇದನ್ನು ನಿಲ್ಲಿಸಬಹುದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಅಲ್ಲಿ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅದರೊಳಗೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಅದರೊಳಗೆ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್, ಅಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಅಂತ ಇರುವುದನ್ನು 99 ಮಾಡಿ. ಒಂದೇ ಒಂದು ಅಂಕಿ ಇಳಿಸಿದ್ದಕ್ಕೆ ಏನಾಗುತ್ತದೆ ಅಂತ ನಗಬೇಡಿ, 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ಪೂರ್ತಿ ನಿಲ್ಲುತ್ತದೆ. ವೇಗ ಕಮ್ಮಿಯಾಗುತ್ತದೆ ನಿಜ, ಆದರೂ ಎಕ್ಸೆಲ್, ಮೇಲ್, ಮೀಟಿಂಗ್‌ಗೆ ಸಾಮಾನ್ಯವಾಗಿ ಅಷ್ಟು ಸಾಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣದಂತೆ ಇಟ್ಟಿರುತ್ತಾರೆ. ಆಗ ಸೆಟ್ಟಿಂಗ್ಸ್‌ನ ಪವರ್ ಮೋಡ್‌ನಲ್ಲಿ ಬೆಸ್ಟ್ ಪವರ್ ಎಫಿಶಿಯೆನ್ಸಿ ಆರಿಸಿ, ಅಷ್ಟು ಗಟ್ಟಿ ಮದ್ದಲ್ಲ, ಆದರೂ ಕೆಲಸ ಮಾಡುತ್ತದೆ.

ಈಗ ಯಜಮಾನರ ಕೂಲಿಂಗ್ ಪ್ಯಾಡ್. ಬೇಡ ಅನ್ನುವುದಿಲ್ಲ, ಮೊದಲು ಬೇಡ. ಒಳಗೆ ಕಂಬಳಿ ಹಾಸಿಕೊಂಡಿದ್ದರೆ ಕೆಳಗಿನಿಂದ ಎಷ್ಟು ಗಾಳಿ ಬೀಸಿದರೂ ಅದು ರೆಕ್ಕೆ ದಾಟುವುದಿಲ್ಲ. ದಾರಿ ತೆರೆದಿದ್ದರೂ ಪ್ಯಾಡಿನ ಫ್ಯಾನ್ ನಿಮ್ಮ ಲ್ಯಾಪ್‌ಟಾಪಿನ ಅಡಿಯ ಕಿಂಡಿಗೆ ಸರಿಯಾಗಿ ನೇರ ಬಂದರೆ ಮಾತ್ರ ಉಪಯೋಗ, ಇಲ್ಲವಾದರೆ ಪ್ಲಾಸ್ಟಿಕ್ಕಿಗೆ ಗಾಳಿ ಹಾಕಿದಂತೆ. ನಿಜ ಹೇಳಬೇಕೆಂದರೆ ಪ್ಯಾಡಿನಿಂದ ಆಗುವ ಲಾಭದಲ್ಲಿ ದೊಡ್ಡ ಪಾಲು ಅದು ಲ್ಯಾಪ್‌ಟಾಪನ್ನು ಎತ್ತಿ ಹಿಡಿಯುವುದರಿಂದ ಬರುತ್ತದೆ. ಅದನ್ನು ನೀರಿನ ಬಾಟಲಿಯ ಎರಡು ಮುಚ್ಚಳವೂ ಮಾಡುತ್ತವೆ. ಹಿಂದಿನ ಎರಡು ಮೂಲೆಗೆ ಒಂದೊಂದು ಇಡಿ, ಅಡಿಯಲ್ಲಿ ಗಾಳಿ ಆಡಲಿ. ಮೇಲಿನ ಸೀಲಿಂಗ್ ಫ್ಯಾನ್ ಹಾಕಿಕೊಳ್ಳಿ. ಟೇಬಲ್ ಮೇಲೆ ದಪ್ಪ ಬಟ್ಟೆ ಹಾಸಿದ್ದರೆ ತೆಗೆಯಿರಿ. ಮಂಚದ ಮೇಲೆ ಕೂತು ಕೆಲಸ ಮಾಡುವ ಅಭ್ಯಾಸ ಇದ್ದರೆ ರಗ್ಗಿನ ಮೇಲೆ ಇಡಲೇಬೇಡಿ, ಅಡಿಯ ಕಿಂಡಿಗೆ ಬಾಯಿ ಮುಚ್ಚಿದಂತೆ. ಊಟಕ್ಕೆ ಕೂರುವ ಮಣೆ ಮನೆಯಲ್ಲಿದ್ದರೆ ಅದು ಚೆನ್ನಾಗಿರುತ್ತದೆ, ಇಲ್ಲದಿದ್ದರೆ ಮಕ್ಕಳು ಪರೀಕ್ಷೆಗೆ ಒಯ್ಯುವ ರಟ್ಟು. ತೊಡೆಯ ಮೇಲೆ ದಿನವೂ ಗಂಟೆಗಟ್ಟಲೆ ಇಟ್ಟುಕೊಂಡರೆ ಚರ್ಮದ ಮೇಲೆ ಬಲೆಯಂತೆ ಕಂದು ಕಲೆ ಬರುವುದುಂಟು, ಚರ್ಮದ ಡಾಕ್ಟರುಗಳಿಗೆ ಗೊತ್ತಿರುವ ಸಂಗತಿ ಅದು.

ಸರಿ, ಬಿಚ್ಚುವ ವಿಷಯ. ವಾರಂಟಿ ಇನ್ನೂ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ಇಲ್ಲದಿದ್ದರೆ ನಂಬಿಕೆಯ ಅಂಗಡಿ. ಅಲ್ಲಿ ಹೋಗಿ ‘ಸರ್ವಿಸ್ ಮಾಡಿ’ ಅನ್ನಬೇಡಿ, ಹಾಗಂದರೆ ಹೊರಗಿನಿಂದ ಬ್ಲೋವರ್ ಹೊಡೆದು ಕೊಡುತ್ತಾರೆ, ಕಂಬಳಿ ಕಿತ್ತು ಫ್ಯಾನಿನೊಳಗೇ ಬಿದ್ದು ವಾರಕ್ಕೆ ಮತ್ತೆ ಅದೇ ಕಥೆ. ಹೀಗೆ ಹೇಳಿ: ಫ್ಯಾನ್ ಹೊರಗೆ ತೆಗೆದು ರೆಕ್ಕೆ ಸಂದು ಕ್ಲೀನ್ ಮಾಡಿ, ಹಳೇ ಪೇಸ್ಟ್ ಒರೆಸಿ ಹೊಸದು ಹಾಕಿ, ಮಾಡುವ ಮೊದಲೂ ಆಮೇಲೂ ಒಂದೊಂದು ಫೋಟೊ ಕೊಡಿ. ಇಷ್ಟು ಹೇಳಿದರೆ ಗಿರಾಕಿಗೆ ವಿಷಯ ಗೊತ್ತು ಅಂತ ಅವರಿಗೂ ಅರ್ಥವಾಗುತ್ತದೆ. ಕಣ್ಣೆದುರೇ ಬಿಚ್ಚಿ ಅಂದರೂ ತಪ್ಪಿಲ್ಲ.

ನೀವೇ ಮಾಡುವುದಾದರೆ, ಅಥವಾ ಮನೆಯಲ್ಲಿ ಕೈ ಕಡಿಯುವ ಇಂಜಿನಿಯರಿಂಗ್ ಹುಡುಗ ಇದ್ದರೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ನಮ್ಮ ಎಸ್‌ಪಿ ರೋಡಿನಲ್ಲಿ ಪೇಸ್ಟು, ಬ್ರಶ್ಶು, ಸಣ್ಣ ಸ್ಕ್ರೂಡ್ರೈವರ್ ಸೆಟ್ಟು, ಹಳೇ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲು ಎಲ್ಲಾ ಕೇಳಿ ನೋಡಿ, ಒಂದೇ ಸುತ್ತಿನಲ್ಲಿ ಸಿಗುತ್ತವೆ. ಚಾರ್ಜರ್ ತೆಗೆದು, ಪೂರ್ತಿ ಆಫ್ ಮಾಡಿ, ಬಿಚ್ಚಿದ ಮೇಲೆ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಯಾವ ಸ್ಕ್ರೂ ಎಲ್ಲಿಯದು ಅಂತ ಫೋಟೊ ಹೊಡೆದುಕೊಳ್ಳಿ, ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಬಿಗಿದರೆ ಕೀಬೋರ್ಡ್ ಕಡೆ ತೂತು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಲೇಬೇಕು. ಇದು ನನ್ನ ಸ್ವಂತ ಪಾಠ. ಹೊಸದರಲ್ಲಿ ಬ್ಲೋವರ್ ಗಾಳಿಗೆ ಫ್ಯಾನ್ ಗಿರಗಿರ ತಿರುಗುವುದನ್ನು ಮಕ್ಕಳ ಗಿರಿಗಿಟ್ಲೆ ನೋಡಿದಂತೆ ಖುಷಿಯಾಗಿ ನೋಡಿದೆ, ಬೇರಿಂಗ್ ಹೋಯಿತು, ಆಮೇಲೆ ಆ ಫ್ಯಾನ್ ಬದಲಾಯಿಸುವ ತನಕ ಗರಗಸದ ಸದ್ದು. ಪೇಸ್ಟ್ ಅಕ್ಕಿಕಾಳಿನಿಂದ ಬಟಾಣಿಯ ನಡುವೆ ಎಷ್ಟೋ ಅಷ್ಟು ಸಾಕು, ದೋಸೆಗೆ ಬೆಣ್ಣೆ ಹಚ್ಚುವಂತೆ ಹಚ್ಚಬೇಡಿ. ಪಕ್ಕದ ಚಿಪ್‌ಗಳ ಮೇಲೆ ಮೆತ್ತಗಿನ ರಬ್ಬರಿನಂಥ ಪ್ಯಾಡ್ ಇರುತ್ತದೆ, ಅದನ್ನು ಹರಿಯದೆ ಹಾಗೇ ಬಿಡಿ, ಅದರ ಜಾಗಕ್ಕೆ ಪೇಸ್ಟ್ ಹಾಕಿದರೆ ಸಂದು ತುಂಬುವುದಿಲ್ಲ. ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್ ಕೆಲವದರಲ್ಲಿ ಪೇಸ್ಟಿನ ಬದಲು ಪಾದರಸದಂತೆ ಹೊಳೆಯುವ ದ್ರವ ಲೋಹ ಇರುತ್ತದೆ. ಅದು ಕಂಡರೆ ಮುಚ್ಚಿಬಿಡಿ, ಒಂದು ಹನಿ ಬೇರೆ ಕಡೆ ಹರಿದರೆ ಶಾರ್ಟ್ ಆಗುತ್ತದೆ.

ಬಿಚ್ಚಿದಾಗ ಇನ್ನೊಂದು ತಪ್ಪದೆ ನೋಡಬೇಕಾದ್ದು ಬ್ಯಾಟರಿ. ಮನೆಯಿಂದ ಕೆಲಸ ಅಂದರೆ ಚಾರ್ಜರ್ ದಿನವಿಡೀ ಸಿಕ್ಕಿಸಿಯೇ ಇರುತ್ತೀರಿ. ತುಂಬಿದ ಬ್ಯಾಟರಿ, ಜೊತೆಗೆ ಬಿಸಿ, ಲಿಥಿಯಂ ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕ್ಲಿಕ್ ಗಟ್ಟಿಯಾಗಿದ್ದರೆ, ಟೇಬಲ್ ಮೇಲಿಟ್ಟಾಗ ಲ್ಯಾಪ್‌ಟಾಪ್ ಅಲುಗಾಡುತ್ತಿದ್ದರೆ ಬ್ಯಾಟರಿ ಊದಿದೆ ಅಂತ ಲೆಕ್ಕ. ಅದಕ್ಕೆ ಮುಂದಿನ ವಾರ ನೋಡೋಣ ಅನ್ನುವ ಮಾತಿಲ್ಲ. ಚಾರ್ಜ್ ಹಾಕುವುದು ನಿಲ್ಲಿಸಿ, ಒತ್ತಿ ಸರಿಮಾಡಲು ಹೋಗಬೇಡಿ, ಚುಚ್ಚಬೇಡಿ, ಬದಲಾಯಿಸಿ. ಹಳೆಯದನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಿ. ಊದಿಲ್ಲವಾದರೆ ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ಚಾರ್ಜ್ 80ಕ್ಕೆ ನಿಲ್ಲಿಸುವ ಆಯ್ಕೆ ಇದೆಯಾ ಹುಡುಕಿ. ಕರೆಂಟ್ ಹೋದಾಗ ಸ್ವಲ್ಪ ಕಮ್ಮಿ ಹೊತ್ತು ಬರುತ್ತದೆ, ವರ್ಷಗಳ ಲೆಕ್ಕದಲ್ಲಿ ಜಾಸ್ತಿ ಬರುತ್ತದೆ.

ಆಫೀಸಿಗೆ ಹೋಗುವ ದಿನ ಮುಚ್ಚಳ ಮುಚ್ಚಿ ಹಾಗೇ ಬ್ಯಾಗಿಗೆ ಹಾಕುತ್ತೀರಾದರೆ ಅದನ್ನೂ ಬಿಡಿ. ಈಗಿನ ಲ್ಯಾಪ್‌ಟಾಪ್‌ಗಳ ನಿದ್ದೆ ಕೋಳಿನಿದ್ದೆ. ಮೇಲ್ ನೋಡಲೋ ಅಪ್‌ಡೇಟ್ ತರಲೋ ಬ್ಯಾಗಿನೊಳಗೇ ಎದ್ದು ಕೂರುತ್ತವೆ. ಮೆಟ್ರೊ ಇಳಿದು ಬ್ಯಾಗ್ ತೆರೆದರೆ ಇಸ್ತ್ರಿಪೆಟ್ಟಿಗೆ ಇಟ್ಟಂತೆ ಬಿಸಿ, ಬ್ಯಾಟರಿಯೂ ಅರ್ಧ ಖಾಲಿ. ಹೊರಡುವ ಮುಂಚೆ ಶಟ್‌ಡೌನ್ ಅಥವಾ ಹೈಬರ್ನೇಟ್ ಮಾಡಿ.

ಫ್ರಿಜ್‌ನಲ್ಲಿ ಐದು ನಿಮಿಷ ಇಡಬಹುದಾ ಅಂತ ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಹೇಳಿಬಿಡುತ್ತೇನೆ, ಬೇಡ. ಐಸ್ ಪ್ಯಾಕೂ ಬೇಡ, ಒದ್ದೆ ಬಟ್ಟೆಯೂ ಬೇಡ. ತಣ್ಣಗಾದ ಲೋಹದ ಮೇಲೆ ಹನಿ ಕಟ್ಟುತ್ತದೆ. ಬಿಸಿಗೆ ಲ್ಯಾಪ್‌ಟಾಪ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ, ನೀರಿಗೆ ಅದರ ಹತ್ತಿರ ಉಪಾಯ ಇಲ್ಲ.

ಇಷ್ಟೆಲ್ಲಾ ಆಗಿ, ಕ್ಲೀನ್ ಆಗಿ, ಹೊಸ ಪೇಸ್ಟ್ ಬಿದ್ದ ಮೇಲೂ ಖಾಲಿ ಕೂತಾಗಲೇ 85 ತೋರಿಸಿದರೆ, ಅಥವಾ 50 ಡಿಗ್ರಿಯಲ್ಲಿದ್ದಾಗಲೂ ತಟ್ಟನೆ ಆಫ್ ಆದರೆ, ಆಗ ಅಂಗಡಿಯವರ ಮದರ್‌ಬೋರ್ಡ್ ಮಾತನ್ನು ನಾನೂ ಕೇಳುತ್ತೇನೆ. ಸದ್ಯಕ್ಕೆ ನಾಳೆ ಮಧ್ಯಾಹ್ನ ಕಿಂಡಿಗೆ ಕೈ ಹಿಡಿದು ಗಾಳಿ ಹೇಗಿತ್ತು ಅಂತ ನೋಡಿ, ಮತ್ತೆ ಬರೆಯಿರಿ. ಜೊತೆಗೆ ಲ್ಯಾಪ್‌ಟಾಪ್ ಮಾಡೆಲ್ ನಂಬರೂ ಇರಲಿ, ಅಡಿಯ ಸ್ಟಿಕ್ಕರ್ ಮೇಲಿರುತ್ತದೆ.